ಸೂಜಿ ಹಾಕಿದ ಮೂರನೇ ದಿನ

ನಾನು ಕುರಿಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದರೆ ಬೋಗಾದಿಯ ನಮ್ಮ ಓನರ್ ಆಂಟಿ ಇವತ್ತಿಗೂ ಪೂರ್ತಿ ನಂಬುವುದಿಲ್ಲ. ಅವರು ಕಂಡಿರುವುದು ಮಹಡಿಯ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ನನ್ನನ್ನು ಮಾತ್ರ. ಅವರದೂ ತಪ್ಪಲ್ಲ. ನನ್ನ ಕೈಗೆ ಬರುವುದು ಕುರಿಯಲ್ಲ, ಕುರಿಯ ರಕ್ತದಿಂದ ತೆಗೆದ ಅಂಕಿಗಳು. ಪ್ರಾಣಿಯ ಮೈಯಲ್ಲಿ ಸಾವಿರಾರು ಜೀನ್‌ಗಳಿರುತ್ತವೆ. ರಕ್ತ ತೆಗೆದ ಹೊತ್ತಿನಲ್ಲಿ ಅವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತಿತ್ತು ಎಂದು ಅಳೆಯಬಹುದು. ಒಂದು ಏರಿದಾಗ ಜೊತೆಗೇ ಏರುವ, ಇಳಿದಾಗ ಜೊತೆಗೇ ಇಳಿಯುವ ಜೀನ್‌ಗಳ ನಡುವೆ ಗೆರೆ ಎಳೆಯುತ್ತ ಹೋದರೆ ಪರದೆಯ ಮೇಲೆ ಒಂದು ಜಾಲ ಮೂಡುತ್ತದೆ. ಆ ಜಾಲವನ್ನು ಓದುವುದು ನನ್ನ ಕೆಲಸ.

ಆ ಯೋಜನೆಯಲ್ಲಿ ನಾವು ಮೂರು ಕಡೆಯವರು ಸೇರಿದ್ದೆವು. ಮೈಸೂರಿನ ಕಡೆಯಿಂದ ನಾನು ಮತ್ತು ಅಗ್ರಹಾರದಲ್ಲಿ ಮನೆಯಿದ್ದ ಒಬ್ಬ ಪಶುವೈದ್ಯರು. ಉತ್ತರದ ಒಂದು ರಾಜ್ಯದಿಂದ ಒಬ್ಬ ಹಿರಿಯ ಪ್ರೊಫೆಸರ್, ಹೆಂಗಸು, ಇಡೀ ಯೋಜನೆಗೆ ಅವರೇ ಮುಖ್ಯಸ್ಥರು. ಯುರೋಪಿನಿಂದ ಲೆಕ್ಕದ ವಿಧಾನ ಬಲ್ಲ ಒಬ್ಬರು. ನಮ್ಮ ಬಂಡೂರು ಕುರಿಯನ್ನೂ ಪ್ರೊಫೆಸರ್ ಕಡೆಯ ಒಂದು ತಳಿಯನ್ನೂ ಹೋಲಿಸಿ ನೋಡುವುದು ಉದ್ದೇಶ. ರಕ್ತ ತೆಗೆಯುವುದು ಡಾಕ್ಟರ ಪಾಲಿನ ಕೆಲಸ. ಪ್ರತಿ ಕುರಿಗೂ ಒಂದು ಫಾರಂ ತುಂಬಬೇಕಿತ್ತು. ಆ ಫಾರಂ ಮಾಡಿದವಳು ನಾನು.

ಅಂಕಿಗಳು ಬಂದ ವಾರವೇ ನಮ್ಮ ಕುರಿಗಳ ಜಾಲದಲ್ಲಿ ಒಂದು ದಟ್ಟ ಗುಂಪು ಕಾಣಿಸಿತು. ಎಲ್ಲವೂ ರೋಗದ ವಿರುದ್ಧ ಹೋರಾಡುವ ಜೀನ್‌ಗಳು, ಒಂದಕ್ಕೊಂದು ಹೆಣೆದುಕೊಂಡು ಎತ್ತರದಲ್ಲಿದ್ದವು. ಉತ್ತರದ ಕುರಿಗಳಲ್ಲಿ ಅವೇ ಜೀನ್‌ಗಳು ಸುಮ್ಮನಿದ್ದವು. ಎರಡೂ ಕಡೆಯ ರಕ್ತ ಒಂದೇ ಲ್ಯಾಬಿಗೆ ಹೋಗಿದ್ದರಿಂದ ಯಂತ್ರದ ವ್ಯತ್ಯಾಸ ಎನ್ನುವ ಹಾಗೂ ಇರಲಿಲ್ಲ. ನಮ್ಮ ತಳಿಗೆ ಹುಟ್ಟಿನಿಂದಲೇ ವಿಶೇಷ ರೋಗನಿರೋಧಕ ಶಕ್ತಿ ಇದೆ ಎಂದು ಪ್ರಬಂಧ ಬರೆದೆವು. ಬರೆಯುವಾಗ ನನಗೆ ತುಂಬ ಖುಷಿಯಾಗಿತ್ತು. ಅಮ್ಮನಿಗೆ ಫೋನ್ ಮಾಡಿ ಜಾಲದ ಬಗ್ಗೆ ಅರ್ಧ ಗಂಟೆ ಹೇಳಿದ್ದೆ. ಅವಳು ಕೊನೆಗೆ, "ಊಟ ಆಯ್ತೇನೆ?" ಎಂದಿದ್ದಳು.

ಪ್ರಬಂಧ ಕಳಿಸಲು ಹತ್ತು ದಿನವಿದ್ದಾಗ, ಹಿಂಡಿನ ಒಂದು ಒಳ್ಳೆಯ ಫೋಟೊ ಬೇಕೆಂದು ಪ್ರೊಫೆಸರ್ ಕೇಳಿದರು. ಬನ್ನೂರು ಕಡೆಯ ಬಸ್ ಹತ್ತಿ, ರಕ್ತ ತೆಗೆದಿದ್ದ ಹಳ್ಳಿಗೆ ನಾನೊಬ್ಬಳೇ ಹೋದೆ. ಹಿಂಡಿನ ಯಜಮಾನಿ ಅರವತ್ತರ ಆಸುಪಾಸಿನ ಹೆಂಗಸು. ಹಿಂದಿನ ಸಲ ಡಾಕ್ಟರ ಜೊತೆ ಬಂದಿದ್ದವಳೆಂದು ನನ್ನ ಗುರುತು ಹಿಡಿದು ಜಗಲಿಯ ಮೇಲೆ ಕೂರಿಸಿದರು.

"ಇವತ್ತೂ ಚುಚ್ಚಕ್ಕೆ ಬಂದ್ರಾ?" ಎಂದರು.

"ಇಲ್ಲಮ್ಮ, ಬರೀ ಫೋಟೊ."

"ಸದ್ಯ. ಅವತ್ತು ನಂಗೆ ಬೇಜಾರಾಗೋಗಿತ್ತು ಕಣಮ್ಮ. ಆಸ್ಪತ್ರೆಯೋರು ಬಂದು ಕರುಳುಬೇನೆಗೆ ಸೂಜಿ ಹಾಕ್ಬುಟ್ಟು ಹೋಗಿ ಇನ್ನೂ ಮೂರ್ ದಿನ ಆಗಿತ್ತು ಅಷ್ಟೇ. ಮೈ ಬಿಸಿಯಾಗಿ ಸರಿಯಾಗಿ ಮೇಯ್ತಾನೂ ಇರ್ಲಿಲ್ಲ. ಅಂಥಾದ್ರಲ್ಲಿ ನೀವು ಬಂದು ಮತ್ತೆ ಚುಚ್ಚುದ್ರಿ."

ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ, "ಎಲ್ಲ ಕುರಿಗೂ ಹಾಕಿದ್ರಾ?"

"ಊರಿನ ಎಲ್ಲಾ ಕುರಿಗೂ ಹಾಕುದ್ರು."

ಲಸಿಕೆ ಹಾಕಿದ ಮೂರನೇ ದಿನ ಯಾವ ಕುರಿಯ ರಕ್ತದಲ್ಲಾದರೂ ರೋಗದ ವಿರುದ್ಧದ ಜೀನ್‌ಗಳು ಎದ್ದು ಕುಳಿತಿರುತ್ತವೆ. ಅದಕ್ಕೆ ಬಂಡೂರು ತಳಿಯೇ ಆಗಬೇಕಿಲ್ಲ. ಫೋಟೊ ತೆಗೆದೆ, ಕೊಟ್ಟ ಮಜ್ಜಿಗೆ ಕುಡಿದೆ, ಬಸ್ ಹತ್ತಿದೆ. ಮೈಸೂರು ತಲುಪುವವರೆಗೂ ಒಂದೇ ಯೋಚನೆ: ಇದು ನನಗೊಬ್ಬಳಿಗೇ ಗೊತ್ತು. ಸುಮ್ಮನಿದ್ದರೆ ಯಾರೂ ಕೇಳುವವರಿಲ್ಲ. ಹಾಗೆ ಯೋಚಿಸಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ.

ಬಸ್ ಇಳಿದು ನೇರ ಅಗ್ರಹಾರಕ್ಕೆ ನಡೆದೆ. ಡಾಕ್ಟರು ಆಗಷ್ಟೇ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂರುವವರಿದ್ದರು. ನನ್ನ ಮುಖ ನೋಡಿ ನಡುಮನೆಗೆ ಕರೆದರು. ವಿಷಯ ಹೇಳಿದೆ. ಒಳಗೆ ಹೋಗಿ ಬೀರುವಿನಿಂದ ಒಂದು ನೋಟ್‌ಬುಕ್ ತಂದು ಹಾಳೆ ತಿರುವಿ ನನ್ನ ಮುಂದಿಟ್ಟರು. ಆ ಹಳ್ಳಿಯ ಹೆಸರಿನ ಕೆಳಗೆ, ಅವರ ದುಂಡು ಅಕ್ಷರದಲ್ಲಿ, ಲಸಿಕೆಯ ಹೆಸರೂ ಹಾಕಿದ ದಿನವೂ ಇತ್ತು.

"ನೀವು ಹೇಳಲೇ ಇಲ್ವಲ್ಲ ಸಾರ್."

"ಹೇಳ್ಬೇಕಿತ್ತು ಮೇಡಂ. ಆದ್ರೆ ಫಾರಂನಲ್ಲಿ ಅದಕ್ಕೆ ಜಾಗ ಇರ್ಲಿಲ್ಲ. ಕೇಳಿಲ್ಲ ಅಂದ್ರೆ ನಿಮ್ಮ ಕೆಲಸಕ್ಕೆ ಬೇಡ್ವೇನೋ ಅಂದ್ಕೊಂಡೆ. ಲಸಿಕೆ ಹಾಕಿದ ವಾರ ಆದ್ರೆ ಕುರಿ ದೊಡ್ಡೀಲೇ ಸಿಗ್ತವೆ, ಹಿಡಿಯೋದು ಸುಲಭ ಅಂತ ಆ ದಿನ ಗೊತ್ತು ಮಾಡಿದ್ದೂ ನಾನೇ."

ನನಗೆ ಆಗ ನೆನಪಾಯಿತು. ಮೊದಲಿನ ಫಾರಂ ಎರಡು ಪುಟವಿತ್ತು. ದೊಡ್ಡಿಯಲ್ಲಿ ನಿಂತು ಅಷ್ಟೆಲ್ಲ ತುಂಬುವುದು ಕಷ್ಟ ಎಂದು ಅವರು ಹೇಳಿದಾಗ, ಒಂದು ಮಧ್ಯಾಹ್ನ ಕೂತು ಅದನ್ನು ಒಂದು ಪುಟಕ್ಕೆ ಇಳಿಸಿದ್ದೆ. ಔಷಧ ಮತ್ತು ಲಸಿಕೆಯ ಕಾಲಂ ತೆಗೆದವಳು ನಾನೇ. ರಕ್ತ ತೆಗೆದ ದಿನ ಅವರ ಪಕ್ಕದಲ್ಲೇ ನಿಂತು ಟ್ಯೂಬುಗಳಿಗೆ ಚೀಟಿ ಅಂಟಿಸಿದ್ದೆ, ಒಂದು ಮಾತು ಕೇಳಿರಲಿಲ್ಲ.

ಅವರ ಮನೆಯವರು ಕಾಫಿ ತಂದಿಟ್ಟರು. ಡಾಕ್ಟರು ಲೋಟ ಮುಟ್ಟಲಿಲ್ಲ. "ನನ್ನಿಂದ ಆಯ್ತು ಅಂತಲೇ ಹೇಳ್ಬಿಡಿ ಮೇಡಂ. ನನಗಿನ್ನು ಎರಡು ವರ್ಷಕ್ಕೆ ರಿಟೈರ್ಮೆಂಟು. ನಿಮಗೆ ಮುಂದೆ ಇದೆ," ಎಂದರು.

ನಾನು ನೋಟ್‌ಬುಕ್ಕಿನ ಆ ಪುಟದ ಫೋಟೊ ತೆಗೆದುಕೊಂಡೆ.

ಎರಡು ದಿನದ ನಂತರ, ಸಂಜೆ, ಆನ್‌ಲೈನ್ ಮೀಟಿಂಗ್. ಪಕ್ಕದ ಸೈಟಿನಲ್ಲಿ ಕಂಬಿ ಕತ್ತರಿಸುತ್ತಿದ್ದರು, ಕಿಟಕಿ ಮುಚ್ಚಿಕೊಂಡು ಕೂತೆ. ಫಾರಂನಿಂದ ಕಾಲಂ ತೆಗೆದದ್ದು ಸೇರಿದಂತೆ ನಡೆದದ್ದನ್ನೆಲ್ಲ ಹೇಳಿದೆ. ಡಾಕ್ಟರು ತಮ್ಮ ಪುಸ್ತಕದಲ್ಲಿ ಸರಿಯಾಗಿ ಬರೆದಿಟ್ಟಿದ್ದರು ಎಂಬುದನ್ನೂ ಹೇಳಿ ಆ ಪುಟ ತೋರಿಸಿದೆ. ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಒಂದು ವರ್ಷದ ಕೆಲಸ," ಎಂದರು ಹಿಂದಿಯಲ್ಲಿ. ಆಮೇಲೆ, "ಪ್ರಬಂಧ ನಿಲ್ಲಿಸೋಣ. ನಮ್ಮ ಕುರಿಗಳಿಗೆ ಯಾವಾಗ ಲಸಿಕೆ ಹಾಕಿದ್ದರು ಅಂತ ನಾನೂ ಕೇಳಿರಲಿಲ್ಲ. ನಾಳೆ ಕೇಳುತ್ತೇನೆ."

ಯುರೋಪಿನವರು ಬೇರೆ ದಾರಿ ಹೇಳಿದರು. ಎರಡೂ ಕಡೆ ಮುಂದಿನ ಲಸಿಕೆಗೆ ಮೊದಲು ಒಮ್ಮೆ, ಮೂರನೇ ದಿನ ಒಮ್ಮೆ, ತಿಂಗಳ ನಂತರ ಒಮ್ಮೆ ರಕ್ತ ತೆಗೆದರೆ, ಲಸಿಕೆಗೆ ಎರಡು ತಳಿಗಳು ಹೇಗೆ ಸ್ಪಂದಿಸುತ್ತವೆ ಎನ್ನುವುದಾದರೂ ತಿಳಿಯುತ್ತದೆ. ಹಾಗೇ ಮಾಡಿದೆವು. ಈ ಸಲ ಫಾರಂ ಮೂರು ಪುಟವಾಯಿತು, ಅದನ್ನು ಡಾಕ್ಟರೂ ನಾನೂ ಒಟ್ಟಿಗೆ ಕೂತು ಬರೆದೆವು.

ಲಸಿಕೆಗೆ ಮೊದಲಿನ ರಕ್ತದಲ್ಲಿ ಆ ದಟ್ಟ ಗುಂಪು ಇರಲಿಲ್ಲ. ಮೂರನೇ ದಿನ ಎರಡೂ ತಳಿಗಳಲ್ಲಿ ಎದ್ದಿತು, ತಿಂಗಳಾದ ಮೇಲೆ ಎರಡರಲ್ಲೂ ಇಳಿಯಿತು. ಕೆಲವೇ ಕೆಲವು ಜೀನ್‌ಗಳು ಮಾತ್ರ ನಮ್ಮ ಕುರಿಗಳಲ್ಲಿ ಸ್ವಲ್ಪ ಬೇಗ ಇಳಿದವು. ಯಾಕೆಂದು ನಮಗಿನ್ನೂ ಗೊತ್ತಿಲ್ಲ, ಹಾಗೆಂದೇ ಬರೆದೆವು. ಪ್ರಬಂಧ ಮೊದಲು ಅಂದುಕೊಂಡದ್ದಕ್ಕಿಂತ ಸಣ್ಣ ಪತ್ರಿಕೆಯಲ್ಲಿ ಬಂತು. ಮೊದಲ ಕರಡಿನಲ್ಲಿ ಡಾಕ್ಟರಿಗೆ ಕೊನೆಯಲ್ಲಿ ಕೃತಜ್ಞತೆಯ ಒಂದು ಸಾಲಿತ್ತು. ಈ ಸಲ ಅವರ ಹೆಸರು ಲೇಖಕರ ಪಟ್ಟಿಯಲ್ಲಿ ನನ್ನ ಹೆಸರಿನ ಪಕ್ಕದಲ್ಲಿದೆ. ಪ್ರೊಫೆಸರೇ ಸೂಚಿಸಿದರು. ನನಗೆ ಅದು ಮೊದಲೇ ಹೊಳೆಯಬೇಕಿತ್ತು.

ಹಿಂಡಿನ ಯಜಮಾನಿಗೆ ಹೇಳುವುದು ಬಾಕಿಯಿತ್ತು. ಮೊದಲ ಸಲ ಹೋದಾಗ, ನಿಮ್ಮ ಕುರಿ ವಿಶೇಷ ಇರಬಹುದು ಎಂದು ನಾನೇ ಅವರಿಗೆ ಆಸೆ ಹುಟ್ಟಿಸಿ ಬಂದಿದ್ದೆ. ಡಾಕ್ಟರ ಸ್ಕೂಟರಿನಲ್ಲಿ ಹೋಗಿ ಆದದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಂಗಾದ್ರೆ ಸೂಜಿ ಹಾಕ್ಸೋದು ಬುಡಂಗಿಲ್ಲ ಅನ್ನಿ."

"ಬಿಡಲೇಬಾರದು ಕಣಮ್ಮ," ಎಂದರು ಡಾಕ್ಟರು.

"ಪಕ್ಕದ ಮನೆಯೋರು ಮೊದ್ಲು ಹಾಕ್ಸಿದ್ರು, ಹೋದ್ಸಲ ಬ್ಯಾಡ ಅಂದ್ಬುಟ್ರು. ಅವರ್ಗೂ ವಸಿ ಹೇಳ್ಬುಟ್ಟು ಹೋಗಿ," ಎಂದು ಅವರು ಎದ್ದು, ನಮ್ಮನ್ನು ಪಕ್ಕದ ಮನೆಗೆ ಕರೆದುಕೊಂಡು ಹೊರಟರು.