ಓದದೆ ದಾಟಿದ ನಾಲ್ಕು ಸಾಲು

ನ್ಯೂಜೆರ್ಸಿಯ ನಮ್ಮ ಪಕ್ಕದ ಮನೆಯ ಮುದುಕನ ತಂದೆ ಎರಡನೇ ಮಹಾಯುದ್ಧದಲ್ಲಿ ಇಟಲಿಯ ಬಾಂಬರ್ ಹಾರಿಸಿ, ಆಮೇಲೆ ಅಮೆರಿಕಕ್ಕೆ ಬಂದವರು. ಈ ಮುದುಕ ಬೇಸ್‌ಮೆಂಟಿನಲ್ಲಿ ಎರಡು ಚಳಿಗಾಲ ಕೂತು ಆ ವಿಮಾನದ ಮಾಡೆಲ್ ಮಾಡಿದ. ಮೂರು ಎಂಜಿನ್ನು, ಬೆನ್ನ ಮೇಲೊಂದು ಗೂನು. ಮೊದಲು ಎಂಟು ಪ್ರಯಾಣಿಕರನ್ನು ವೇಗವಾಗಿ ಕರೆದೊಯ್ಯಲೆಂದು ಡಿಸೈನ್ ಮಾಡಿದ್ದಂತೆ. ಆಮೇಲೆ ಬಾಂಬು ತುಂಬಿದರು. ಗನ್ನಿಗೆ ಜಾಗ ಬೇಕಾಗಿ ಗೂನು ಬಂತು. ಸ್ಪೇನಿನ ಮೇಲೆ ಹಾರಿತು, ಲಿಬಿಯದ ಮರಳುಗಾಡಿನ ಮೇಲೆ ಹಾರಿತು, ಟಾರ್ಪಿಡೊ ಹೊತ್ತು ಹಡಗು ಮುಳುಗಿಸಿತು. ಇದನ್ನೆಲ್ಲ ಆತ ಮೊಮ್ಮಗಳ ರಿಪೋರ್ಟ್ ಕಾರ್ಡ್ ಓದಿದಂತೆ ಹೇಳುತ್ತಿದ್ದ.

ನಮ್ಮಪ್ಪನಿಗೂ ಆ ವಿಮಾನ ಗೊತ್ತಿತ್ತು, ಕೆಳಗಿನಿಂದ. ಬ್ರಿಟಿಷರ ಸೈನ್ಯದಲ್ಲಿ ಲಿಬಿಯಕ್ಕೆ ಹೋಗಿ ರಸ್ತೆ ಹಾಕುತ್ತಿದ್ದವರು, ಎಡಗಿವಿಯನ್ನು ಅಲ್ಲೇ ಕಳೆದುಕೊಂಡು ಬಂದರು. ಬೆಂಗಳೂರಿನಲ್ಲಿ ಮನೆಯ ಮೇಲೆ ವಿಮಾನ ಹೋದರೆ ಊಟ ಬಿಟ್ಟು ಗೋಡೆಗೆ ಆತು ನಿಲ್ಲುತ್ತಿದ್ದರು. ಅದೇ ಅಪ್ಪ ನನ್ನನ್ನು ಇಟಾಲಿಯನ್ ಸಿಸ್ಟರ್‌ಗಳ ಬೋರ್ಡಿಂಗಿಗೆ ಹಾಕಿದರು. ಡಿಸಿಪ್ಲಿನ್ ಚೆನ್ನಾಗಿದೆ ಅಂತ.

ಅಲ್ಲಿ ಮನೆಯಿಂದ ಬಂದ ಕಾಗದವನ್ನು ಸಿಸ್ಟರ್ ತಾವೇ ಒಡೆದು ಓದಿ ಹೇಳುತ್ತಿದ್ದರು, ಕೆಟ್ಟ ಸುದ್ದಿಯ ಸಾಲುಗಳನ್ನು ಬಿಟ್ಟು. ನಮ್ಮಜ್ಜಿ ಸತ್ತದ್ದು ನನಗೆ ಪರೀಕ್ಷೆ ಮುಗಿದ ಮೇಲೆ ತಿಳಿಯಿತು. ಅದನ್ನು ನಾವು ಕೈಂಡ್‌ನೆಸ್ ಅಂದುಕೊಂಡೆವು.

ಹೋದ ವರ್ಷ ಪಕ್ಕದ ಮನೆಯಾತ ತಂದೆಯ ಹಳೆಯ ಕಾಗದವೊಂದನ್ನು ನನ್ನ ಮುಂದಿಟ್ಟ. ಅವನಿಗೆ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ಕಲಿಸಿರಲಿಲ್ಲ; ಸಿಸ್ಟರ್‌ಗಳ ದಯೆಯಿಂದ ಬೀದಿಯಲ್ಲಿ ಇಟಾಲಿಯನ್ ಓದಬಲ್ಲವಳು ನಾನೊಬ್ಬಳೇ. ಓದಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ: ಸಮುದ್ರ, ಬಿಸಿಲು, ತಾಯಿಯ ನೆನಪು. ಆಮೇಲೆ ನಾಲ್ಕು ಸಾಲು: ರಸ್ತೆ ಹಾಕುತ್ತಿದ್ದ ಭಾರತೀಯ ಸಿಪಾಯಿಗಳ ಮೇಲೆ ಬಾಂಬು ಹಾಕಿದೆವು. ಓಡಿದರು. ತಿರುಗಿ ಬಂದು ಓಡುವವರಿಗೆ ಗುಂಡು ಹೊಡೆದೆವು. ಊಟದ ಹೊತ್ತಿಗೆ ಅದನ್ನೇ ಹೇಳಿಕೊಂಡು ನಕ್ಕೆವು.

ಆತ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಆ ಸಾಲುಗಳನ್ನು ದಾಟಿ, ಹವಾ ಚೆನ್ನಾಗಿತ್ತು, ಸುಖವಾಗಿ ಇಳಿದೆವು ಎಂಬಲ್ಲಿಗೆ ಹೋದೆ. ಆತ ಬರೆದುಕೊಂಡ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ.

"ಅವನಿಗೆ ಯಾಕೆ ಹೇಳ್ಲಿಲ್ಲ?"

"ಅವರ ಮನೇಲಿ ಕೂತು, ಅವರ ಕಾಫಿ ಕುಡೀತಾ ಹೇಗ್ರೀ ಹೇಳೋದು?"

"ನಿಮ್ಮಪ್ಪ ಇದ್ದಿದ್ರೆ ಮೆಡಲ್ ಕೊಡ್ತಿದ್ರು ಬಿಡು. ಕಾಫಿಗೆ ಸಕ್ಕರೆನಾದ್ರೂ ಹಾಕಿದ್ನಾ?"

ವಸಂತದಲ್ಲಿ ಆತನ ಮಾಡೆಲ್ಲನ್ನು ವಯಸ್ಸಾದವರು ಸೇರುವ ಸೀನಿಯರ್ ಸೆಂಟರಿನ ಗಾಜಿನ ಪೆಟ್ಟಿಗೆಯಲ್ಲಿ ಇಡುವುದೆಂದಾಯಿತು. ಪಕ್ಕದಲ್ಲಿ ಕಾಗದದ ಅನುವಾದ, ಕೆಳಗೆ ನನ್ನ ಹೆಸರು. ಆಗ ನನಗೆ ತಡೆಯಲಾಗಲಿಲ್ಲ. ನಾಲ್ಕೂ ಸಾಲು ಸೇರಿಸಿ ಟೈಪ್ ಮಾಡಿ ಕೊಟ್ಟೆ. ಡ್ರೈವ್‌ವೇಯಲ್ಲಿ ನಿಂತೇ ಓದಿದ.

"ಅವತ್ತು ಸುಳ್ಳು ಹೇಳಿದ್ದೋ, ಇವತ್ತೋ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಅಪ್ಪನ ಕಿವಿಯ ವಿಷಯ ಮೊದಲ ಸಲ ಅವನಿಗೆ ಹೇಳಿದೆ. ಆತನ ಮುಖ ಸಡಿಲವಾಯಿತು, ನನ್ನ ಸುಳ್ಳಿಗೆ ಕಾರಣ ಸಿಕ್ಕಿತೆಂಬಂತೆ. "ಐ ಸೀ," ಎಂದ. "ಯು ಆರ್ ಅಪ್‌ಸೆಟ್." ನನ್ನ ಹಾಳೆಯನ್ನು ಮಡಿಸಿ ನನ್ನ ಕೈಗೇ ಕೊಟ್ಟ.

ಈಗ ಗಾಜಿನ ಪೆಟ್ಟಿಗೆಯಲ್ಲಿರುವುದು ನಾನು ಮೊದಲು ಓದಿದ್ದೇ. ನನ್ನ ಹೆಸರನ್ನಾದರೂ ತೆಗೆಯಿರಿ ಎಂದು ಸೆಂಟರಿನ ಡೆಸ್ಕಿನಲ್ಲಿ ಕೇಳಿದೆ. ವಸ್ತು ಕೊಟ್ಟವರೇ ಹೇಳಬೇಕಂತೆ. ಆತ ಮೇಲ್‌ಬಾಕ್ಸಿನ ಹತ್ತಿರ ನನ್ನನ್ನು ಕಂಡರೆ ಒಳಗೆ ಹೋಗುತ್ತಾನೆ.