ಗೋಣಿಚೀಲದ ಮೇಲಿನ ಪರದೇಶದ ಹೆಸರು

ಬಾಳೂರಿನ ರುದ್ರಾಣಿಯದು ಗೋಣಿಚೀಲ ಹೊಲಿಯುವ ಕಾಯಕ. ಬೆಳಿಗ್ಗೆ ವಿಭೂತಿ ಧರಿಸಿ, ಇಷ್ಟಲಿಂಗಕ್ಕೆ ಕೈಮುಗಿದು, ದಬ್ಬಣ ಹಿಡಿದು ಹೊರಟಳೆಂದರೆ ಅವಳ ಹಗಲೆಲ್ಲ ಎಸ್ಟೇಟಿನ ಕಣದಲ್ಲೇ ಕಳೆಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅತ್ತೆ ಪಾಪಮ್ಮ ಮಾತ್ರ. ಆ ಮುದುಕಿ ಶಿವನಲ್ಲಿ ಬೇಡುತ್ತಿದ್ದುದು ಒಂದೇ: ಮಗನ ಸಮಾಧಿಯ ಪಕ್ಕದಲ್ಲಿ ತನಗೂ ಒಂದಿಷ್ಟು ಮಣ್ಣು.

ರುದ್ರಭೂಮಿಯ ದಾರಿ ಚಂದ್ರಶೇಖರಪ್ಪನವರ ಎಸ್ಟೇಟಿನೊಳಗೆ ಹಾದುಹೋಗುತ್ತಿತ್ತು. ಅಜ್ಜಂದಿರ ಕಾಲದಿಂದಲೂ ಶವ ಹೊತ್ತವರನ್ನು ಅಲ್ಲಿ ಯಾರೂ ತಡೆದದ್ದಿಲ್ಲ. ಕಾಫಿ ಕಳುವಾಗುತ್ತದೆಂಬ ನೆಪ ಹೂಡಿ ಸಾಹುಕಾರರು ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದರು. ಕೇಳಲು ಹೋದವರಿಗೆ, "ಪಂಚಾಯಿತಿ ಹೇಳಲಿ, ತೆಗೆಯೋಣ" ಎಂದರು. ಪಂಚಾಯಿತಿಯಲ್ಲಿ ಕುಳಿತಿದ್ದವನಾದರೋ ಅವರದೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಶಿಧರ! ಎರಡು ಸಾವಿರನೆಯ ಇಸವಿಯ ಚುನಾವಣೆಯಲ್ಲಿ ರುದ್ರಾಣಿ ಅವನ ಎದುರು ನಿಂತಳು.

ಬಟ್ಟೆಯ ಬ್ಯಾನರು ಬರೆಸುವ ಶಕ್ತಿ ಅವಳಿಗೆಲ್ಲಿಯದು? ಹಳೆಯ ಚೀಲಗಳನ್ನು ಬಿಚ್ಚಿ, ಸುಣ್ಣದಲ್ಲಿ 'ರುದ್ರಭೂಮಿಯ ದಾರಿ ಬಿಡಿ' ಎಂದು ಬರೆದು ರಸ್ತೆಯ ಬೇಲಿಗೆ ಕಟ್ಟಿದಳು. ಚೀಲದ ಹಿಂಬದಿಯಲ್ಲಿ ಏನು ಅಚ್ಚಾಗಿದೆಯೆಂದು ನೋಡಲಿಲ್ಲ. ಈ ಬೆಟ್ಟಗಳಲ್ಲಿ ಅದನ್ನು ನೋಡುವವರಾದರೂ ಯಾರು? ಹೊರದೇಶಕ್ಕೆ ಕಾಫಿ ಕಳುಹಿಸಲೆಂದು ಚಿಕ್ಕಮಗಳೂರಿನಲ್ಲಿ ಅಚ್ಚು ಒತ್ತಿಸಿ, ಅಚ್ಚು ಕೆಟ್ಟಿತೆಂದು ತಳ್ಳಿಬಿಟ್ಟ ಚೀಲಗಳು ಎಸ್ಟೇಟುಗಳಿಗೆ ಬರುತ್ತವೆ. ಜರ್ಮನಿಯ ಬಂದರಿನ ಹೆಸರು ಹೊತ್ತ ಅದೇ ಚೀಲವನ್ನು ಮಳೆಗಾಲದಲ್ಲಿ ನಾವು ಮಡಚಿ ತಲೆಗೆ ಕೊಪ್ಪೆಯಾಗಿ ಹಾಕಿಕೊಳ್ಳುತ್ತೇವೆ. ಹರಿದರೆ ನಾಯಿಗೆ ಹಾಸುತ್ತೇವೆ.

ಶಶಿಧರ ಬೇಲಿಯ ಚೀಲದ ಹಿಂಬದಿಯಲ್ಲಿದ್ದ ಆ ಬಂದರಿನ ಹೆಸರಿನ ಫೋಟೋ ತೆಗೆಸಿ ಕರಪತ್ರ ಅಚ್ಚು ಹಾಕಿಸಿದ: 'ರುದ್ರಾಣಿಯ ಚುನಾವಣೆಗೆ ಜರ್ಮನಿಯ ಹಣ! ನಮ್ಮ ಕಾಫಿತೋಟಗಳನ್ನು ಮುಚ್ಚಿಸಲು ವಿದೇಶಿ ಸಂಚು!'

ನಲ್ಲಿಯ ಹತ್ತಿರ ನೆರೆಮನೆಯ ತಂಗಮ್ಮ ಕೆಣಕಿದಳು. "ಏನೇ, ಜರ್ಮನಿಯಿಂದ ನಮಗೇನೂ ತರಿಸಿಲ್ವಾ?"

"ತರಿಸಿದೀನಿ ಮಾರಾಯ್ತಿ, ನಿಂಗೂ ಒಂದು ಹರಕು ಚೀಲ!"

ತಂಗಮ್ಮ ನಕ್ಕಳು. ಕೊಡ ಹಿಡಿದು ಸಾಲಿನಲ್ಲಿದ್ದ ಉಳಿದವರು ನಗಲಿಲ್ಲ. ಅದನ್ನು ಕಂಡ ರುದ್ರಾಣಿ ಕೊಡವನ್ನು ಅಲ್ಲೇ ಬಿಟ್ಟು ನೇರವಾಗಿ ಸಾಹುಕಾರರ ಬಂಗಲೆಗೆ ನಡೆದಳು.

"ಸಾವ್ಕಾರ್ರೇ, ಆ ಚೀಲ ನಿಮ್ಮ ಗೋಡೌನಿಂದು. ತೇಪೆಗೆ ಬಾರದ್ದು ತಗೊಂಡು ಹೋಗು ಅಂತ ನೀವೇ ಕೊಟ್ರಿ. ಊರಿಗೆ ಒಂದು ಮಾತು ಹೇಳಿ."

ಚಂದ್ರಶೇಖರಪ್ಪನವರು ಆಗಷ್ಟೇ ಪೂಜೆ ಮುಗಿಸಿ ಬಂದಿದ್ದರು. "ನೋಡಮ್ಮ, ಚುನಾವಣೆ ಅಂದ್ಮೇಲೆ ಇವೆಲ್ಲ ಇದ್ದದ್ದೇ. ಮುಗಿದ್ಮೇಲೆ ಯಾರು ನೆನಪಿಟ್ಕೋತಾರೆ?"

"ಸುಳ್ಳು ಅಂತ ನಿಮಗೆ ಗೊತ್ತಲ್ಲ?"

"ನಾನೇನೂ ಬರೆದಿಲ್ಲವಲ್ಲ" ಎಂದು ಅವರು ಕಾಫಿಯ ಲೋಟ ಎತ್ತಿಕೊಂಡರು.

ಕೇಳಿರಿ, ಬಂಧುಗಳೇ. ಪರದೇಶದ ಹಣ ನಮ್ಮ ಚುನಾವಣೆಯೊಳಗೆ ನುಸುಳಿದರೆ ಅದು ಪಾಪವೇ ಸರಿ. ಹಾಗೆ ಪಡೆದವನನ್ನು ಹಿಡಿದು ಕೇಳಲೇಬೇಕು. ಅದು ಅಷ್ಟು ದೊಡ್ಡ ಪಾಪವಾದ್ದರಿಂದಲೇ, ಹೆಣದ ದಾರಿ ಕೇಳಿದ ವಿಧವೆಯೊಬ್ಬಳ ತಲೆಗೆ ಅದನ್ನು ಕಟ್ಟುವುದು ಅದಕ್ಕಿಂತಲೂ ಘೋರ. ಜರ್ಮನಿಯವನಿಗೆ ಕಾಫಿ ಮಾರಿ ಬಂಗಲೆಗೆ ಹೆಂಚು ಹೊದಿಸಿದವರು, ಅದೇ ಜರ್ಮನಿಯ ಹೆಸರನ್ನು ಅವಳ ಮುಖಕ್ಕೆ ಮಸಿಯಂತೆ ಬಳಿಯುವುದೇ? ಹಣೆಯ ಮೇಲಿನ ಆ ಮೂರು ಬೆರಳ ಭಸ್ಮ ಸುಡಲಿಲ್ಲವೇ?

ರುದ್ರಾಣಿಗೆ ಮೈಯೆಲ್ಲ ಉರಿಯಿತು. ಮರುದಿನ ಮಧ್ಯಾಹ್ನ ಬೇಲಿಯ ಚೀಲವೊಂದನ್ನು ಬಿಚ್ಚಿ ತಂದು, ಬಂದರಿನ ಹೆಸರು ಮೇಲೆ ಕಾಣುವಂತೆ ಆ ಗೇಟಿನ ಎದುರಿಗೇ ಹಾಸಿ ಕುಳಿತಳು. ಪಾಪಮ್ಮನೂ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತರು. ಒಳಗಿನಿಂದ ಕಾಫಿ ತುಂಬಿದ ಲಾರಿ ಬಂತು. ಕಾವಲಿನವನು ಗೇಟು ತೆಗೆದ. ಲಾರಿಯ ಮೇಲೆ ಸಾಲುಸಾಲಾಗಿ ಅದೇ ಚೀಲ, ಅದೇ ಬಂದರಿನ ಹೆಸರು!

"ಏಳಜ್ಜಿ, ಲಾರಿ ಹೋಗ್ಬೇಕು" ಎಂದ ಡ್ರೈವರ್.

"ಹೋಗಲಿ ಬಿಡಪ್ಪ. ಜರ್ಮನಿಯ ದುಡ್ಡು ಗಾಡಿಗಟ್ಟಲೆ ಹೊರಟಿದೆ. ಅದರ ಎದುರು ನಮ್ಮದೊಂದು ಚೀಲ ಎಷ್ಟರದು?" ಎಂದರು ಪಾಪಮ್ಮ. ಸೇರಿದ ಜನ ಲಾರಿಯತ್ತ ನೋಡಿದರು, ಹಾಸಿದ ಚೀಲದತ್ತ ನೋಡಿದರು. ನಗು ಮೊದಲು ಹಿಂದಿನಿಂದ ಎದ್ದಿತು. ಆಮೇಲೆ ಯಾರೋ ಕೂಗಿದರು: "ಶಶಿಧರಾ, ಇದರದ್ದೂ ಒಂದು ಫೋಟೋ ತೆಗೆಸು ಮಾರಾಯ!"

ಊರ ನಗುವಿಗೆ ಅಂಜಿ ಸಾಹುಕಾರರು ಅಂದು ತೆಗೆದ ಗೇಟಿಗೆ ಮತ್ತೆ ಬೀಗ ಹಾಕಿಸಲಿಲ್ಲ. ಆದರೂ ಚುನಾವಣೆಯಲ್ಲಿ ರುದ್ರಾಣಿ ಸೋತಳು. ಬೆಟ್ಟದಾಚೆಯ ಹಳ್ಳಿಗಳಿಗೆ ಕರಪತ್ರ ತಲುಪಿತ್ತು; ಆ ನಗು ತಲುಪಿರಲಿಲ್ಲ.

ಆಷಾಢದಲ್ಲಿ ಪಾಪಮ್ಮ ಲಿಂಗೈಕ್ಯರಾದರು. ಕುಳ್ಳಿರಿಸಿದ ದೇಹವನ್ನು ಹೊತ್ತು ಜನ ಅದೇ ಗೇಟಿನಲ್ಲಿ ಯಾರನ್ನೂ ಕೇಳದೆ ನಡೆದರು. ಮಗನ ಪಕ್ಕದಲ್ಲೇ ಗುಂಡಿ ತೆಗೆದಾಗಿತ್ತು. ಚಂದ್ರಶೇಖರಪ್ಪನವರೂ ಕೊಡೆ ಹಿಡಿದು ಬಂದು, ಬಾಗಿ ಒಂದು ಹಿಡಿ ಮಣ್ಣು ಎತ್ತಿಕೊಂಡರು.

"ಸಾವ್ಕಾರ್ರೇ, ಆ ಕಾಗದದಲ್ಲಿ ಇದ್ದದ್ದು ಸುಳ್ಳು ಅಂತ ಅತ್ತೆಯ ಎದುರು ಹೇಳಿ, ಆಮೇಲೆ ಹಾಕಿ" ಎಂದಳು ರುದ್ರಾಣಿ.

ಎಲ್ಲರೂ ಅವರ ಬಾಯಿಯನ್ನೇ ನೋಡಿದರು. ಮಳೆ ಕೊಡೆಯ ಮೇಲೆ ಬಡಿಯುತ್ತಿತ್ತು. ಅವರು ಮುಷ್ಟಿ ಸಡಿಲಿಸಿ ಮಣ್ಣನ್ನು ತಮ್ಮ ಕಾಲ ಬಳಿಯೇ ಉದುರಿಸಿ, ಬಂದ ದಾರಿಯಲ್ಲೇ ತಿರುಗಿದರು.

ರುದ್ರಾಣಿ ತಲೆಯ ಮೇಲಿನ ಗೋಣಿಕೊಪ್ಪೆ ಸರಿಪಡಿಸಿಕೊಂಡು, ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡಳು.