ಹೋಟೆಲಿನದೆಂದು ಹೇಳಿದ ಸೀಗಡಿ

ಒಣ ಸೀಗಡಿ ಹಂಚಿನ ಮೇಲೆ ಬಿದ್ದರೆ ಇಡೀ ಓಣಿಗೆ ಸುದ್ದಿ ಮುಟ್ಟುತ್ತದೆ. ಆ ವಾಸನೆಗೆ ನಿಮಗೆ ಬಾಯಲ್ಲಿ ನೀರೂರಬಹುದು. ನನಗೆ ಮೈ ಉರಿಯುತ್ತದೆ. ಈಗ ಒಳಗೆ ಅವ್ವ ಹುರಿಯುತ್ತಿದ್ದಾಳೆ. ನಾನು ಈರುಳ್ಳಿ ಹೆಚ್ಚುತ್ತಾ ಹಲ್ಲು ಕಡಿಯುತ್ತಿದ್ದೇನೆ.

ಮಾಡುವುದೇನು ದೊಡ್ಡ ವಿದ್ಯೆಯಲ್ಲ. ಹೊನ್ನಾಳಿ ಸಂತೆಯಿಂದ ತಂದ ಸೀಗಡಿಯ ತಲೆ, ಬಾಲ ಚಿವುಟಿ, ಮೊರದಲ್ಲಿ ಕೇರಿ, ಎಣ್ಣೆಯಿಲ್ಲದೆ ಗರಿಗರಿಯಾಗಿ ಹುರಿದು, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ ನಿಂಬೆಹಣ್ಣು ಹಿಂಡಿದರೆ ಆಯಿತು. ಊಟಕ್ಕೆ ಮುಂಚೆ ಇದನ್ನಿಟ್ಟರೆ ನೆಂಟರು ಅನ್ನದ ಮಾತೇ ಎತ್ತುವುದಿಲ್ಲ. ಚಿವುಟಲು ಮಾತ್ರ ತಾಳ್ಮೆ ಬೇಕು. ನಮ್ಮ ಮನೆಯಲ್ಲಿ ಅದಿರುವುದು ಅವ್ವನಿಗೊಬ್ಬಳಿಗೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಕಚೇರಿಯ ಸಾಹೇಬರನ್ನು ಮನೆಗೆ ಕರೆದಿದ್ದೆ. ಮೀನು, ಮಾಂಸ ಯಾವುದನ್ನೂ ಬಿಡದ ಮನುಷ್ಯ. ನಮ್ಮ ಜಾತಿಯವರ ಮನೆಯಲ್ಲಿ ಮಾತ್ರ ನೀರೂ ಮುಟ್ಟುತ್ತಿರಲಿಲ್ಲ. ನಾನೋ ಮಹಾ ಬುದ್ಧಿವಂತ! ಅವ್ವನ ಕೈಲಿ ಬೆಳಿಗ್ಗೆಯೇ ಹುರಿಸಿ, ವಾಸನೆ ಹೋಗಲೆಂದು ಮನೆ ತುಂಬ ಊದುಬತ್ತಿ ಹಚ್ಚಿದೆ. ಸಾಹೇಬರು ಬಂದು ಕೂತ ಮೇಲೆ ಸೀಗಡಿಯನ್ನು ಪೇಪರಿನಲ್ಲಿ ಕಟ್ಟಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟು, ಓಣಿ ಸುತ್ತಿ, ಏದುಸಿರು ಬಿಡುತ್ತಾ ಮುಂಬಾಗಿಲಿನಿಂದ ಒಳಗೆ ಬಂದೆ.

"ಬಸ್ ಸ್ಟ್ಯಾಂಡ್ ಹತ್ರದ ಹೋಟೆಲಿಂದು ಸಾರ್."

ಪೇಪರನ್ನೂ ಬಿಡಲಾರರೇನೋ ಎಂಬಂತೆ ತಿಂದರು. "ಭಾರಿ ಐತೆ ಕಣ್ರೀ! ಮಾಡಿದೋರು ಯಾರು?"

ಒಳಬಾಗಿಲಲ್ಲಿ ಅವ್ವ ನಿಂತಿದ್ದಳು. "ಗೊತ್ತಿಲ್ಲ ಸಾರ್," ಅಂದೆ.

ಅವರು ಹೋದ ಮೇಲೆ ಅವ್ವ ಎರಡೂ ಅಂಗೈ ನನ್ನ ಮುಂದೆ ಚಾಚಿದಳು. "ಇದ್ರಾಗೆ ಏನು ಮೆತ್ತೈತಪ್ಪಾ? ನೋಡಿ ಹೇಳು."

ಆಮೇಲೆ ನೆಂಟರಿಗೆಂದು ಅವಳು ಸೀಗಡಿ ಹುರಿಯಲೇ ಇಲ್ಲ. ನಾನು ಸಾಹೇಬರನ್ನು ಬೈದೆ, ಅವರ ಜಾತಿಯನ್ನು ಬೈದೆ, ವರ್ಷಗಟ್ಟಲೆ ಬೈಯುತ್ತಲೇ ಬಂದೆ. ಬೈಯುವುದು ಸುಲಭವಿತ್ತು.

ಮೊನ್ನೆ ಅವರೇ ಫೋನ್ ಮಾಡಿದರು. ಈಗ ನಿವೃತ್ತರು. "ಭಾನುವಾರ ಹನ್ನೊಂದಕ್ಕೆ ಬರ್ತೀನ್ರೀ, ಆ ಹೋಟೆಲಿನ ಸೀಗಡಿ ತರ್ಸಿಡ್ರಿ."

"ಹೋಟೆಲಿಂದಲ್ಲ ಸಾರ್. ಅವತ್ತು ಮಾಡಿದ್ದು ನಮ್ಮವ್ವ. ಈಗಲೂ ಅವ್ಳೇ ಮಾಡ್ತಾಳೆ, ನಮ್ಮ ತಟ್ಟೆಯಾಗೇ ಕೊಡ್ತೀವಿ. ಬರಾಕೆ ಆಗುತ್ತಾ?"

"ನೋಡೋಣ," ಎಂದು ಫೋನ್ ಇಟ್ಟುಬಿಟ್ಟರು. ಪಕ್ಕದಲ್ಲೇ ಇದ್ದ ಅವ್ವ ಮೊರ ತೆಗೆದುಕೊಂಡಳು.

ಇವತ್ತೇ ಆ ಭಾನುವಾರ. ಹನ್ನೊಂದಕ್ಕೆ ಬರಬೇಕಾದವರು, ಈಗ ಒಂದಾಯಿತು. ಅವ್ವ ತಟ್ಟೆ ತಂದಿಟ್ಟಳು.

"ಆ ಯಪ್ಪ ಬರಲ್ಲ ಬಿಡವ್ವ. ಎಂಥಾ ಜನ!" ಎಂದು ಸಿಡಿದೆ.

ಅವ್ವ ತನ್ನ ಪಾಡಿಗೆ ನಿಂಬೆಹಣ್ಣು ಹಿಂಡಿದಳು. "ಅವತ್ತು ಅವ್ರಿಗೆ ಗೊತ್ತಿರ್ಲಿಲ್ಲ. ನಿನಗೆ ಗೊತ್ತಿತ್ತು."

ಸಿಟ್ಟು ಮಾಡಿಕೊಳ್ಳಲು ನನಗೆ ಬೇರೆ ಯಾರೂ ಉಳಿಯಲಿಲ್ಲ.